ಡಾಕ್ಟರ್ ಹೂ ಕಳೆದುಹೋದ ಕಂತುಗಳು: ದನಿಯೋ, ಫೋಟೊನೋ, ಅನಿಮೇಷನ್ನೋ?

‘ದ ವೆಬ್ ಆಫ್ ಫಿಯರ್’ ಕಥೆಯ ಮೂರನೇ ಕಂತನ್ನು ಒಂದೇ ಶನಿವಾರ ಮೂರು ಸಲ ಮುಗಿಸಿದೆ. ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಬರೀ ದನಿ ಕೇಳಿದೆ. ಮಧ್ಯಾಹ್ನ ಅದೇ ದನಿಗೆ ಹಳೇ ಫೋಟೊ ಜೋಡಿಸಿದ್ದನ್ನು ನೋಡಿದೆ. ರಾತ್ರಿ ಊಟ ಆದಮೇಲೆ 2021ರ ಅನಿಮೇಷನ್ ಹಾಕಿದೆ. ದನಿ ಮೂರರಲ್ಲೂ ಒಂದೇ. ಆದರೂ ಮೂರು ಬೇರೆ ಬೇರೆ ಕಂತು ನೋಡಿದ ಹಾಗಾಯಿತು. ಅದಾದ ಮೇಲೆ ಎರಡು ತಿಂಗಳು ಬಿಡುವಾದಾಗಲೆಲ್ಲ ಇದೇ ಕೆಲಸ ಮಾಡಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಎಂಬ ನಾಯಕನ ಕಥೆಗಳಿರುವ ಬಿಬಿಸಿಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ ಶುರುವಾಗಿದ್ದು 1963ರ ನವೆಂಬರ್ 23ರಂದು. ಮೊದಲ ಆರು ವರ್ಷದಲ್ಲಿ 253 ಕಂತು ಬಂದವು. ಆಗ ವಿಡಿಯೊ ಟೇಪ್ ತುಂಬಾ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುತ್ತಿದ್ದರು. ಹೊರದೇಶಗಳಿಗೆ ಮಾರಲು 16 ಎಂಎಂ ಫಿಲ್ಮಿನಲ್ಲಿ ಮಾಡಿದ್ದ ಪ್ರತಿಗಳನ್ನೂ ಒಪ್ಪಂದ ಮುಗಿದ ಮೇಲೆ ಎಸೆದರು. 1978ರ ಹೊತ್ತಿಗೆ ಇದು ನಿಂತಿತು. ಆಮೇಲೆ ಅಲ್ಲೊಂದು ಇಲ್ಲೊಂದು ಸಿಗುತ್ತಾ ಬಂದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತು ವಾಪಸ್ ಬಂದ ಸುದ್ದಿ ಓದಿ ನಾನು ಅವತ್ತು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೂ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಲ್ಲ.

ದನಿ ಮಾತ್ರ ಎಲ್ಲದರದ್ದೂ ಇದೆ. ಅರವತ್ತರ ದಶಕದ ಹುಡುಗರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರಿಂದ ಅದು ಉಳಿಯಿತು. ಈಗ ಬರುವ ಪ್ರತಿ ಅನಿಮೇಷನ್‌ಗೂ ಅಡಿಪಾಯ ಆ ಟೇಪುಗಳೇ. ಹಾಗಾಗಿ ನಾನು ಹೋಲಿಸುವಾಗ ಕೇಳಿಕೊಂಡಿದ್ದು ಒಂದೇ ಪ್ರಶ್ನೆ. ಈ ಚಿತ್ರ ಆ ದನಿಯನ್ನು ಚೆನ್ನಾಗಿ ಕೇಳಿಸುತ್ತದೆಯೋ, ಇಲ್ಲ ಅದಕ್ಕೆ ಅಡ್ಡ ಬರುತ್ತದೆಯೋ?

ಮೊದಲು ಬರೀ ದನಿ. ಆಕಾಶವಾಣಿ ನಾಟಕ ಕೇಳಿ ಬೆಳೆದವರಿಗೆ ಇದು ಕಷ್ಟ ಅಲ್ಲ. ಮಾತು ಜಾಸ್ತಿ ಇರುವ ಕಥೆಗಳಲ್ಲಿ ಇದೇ ಸಾಕು ಅನ್ನಿಸುತ್ತದೆ. ಡಾಕ್ಟರನ ಸಂಗಡಿಗ ಜೇಮಿಯ ಪಾತ್ರ ಮಾಡಿದ್ದ ಫ್ರೇಜರ್ ಹೈನ್ಸ್ ಅವರೇ ನಡುನಡುವೆ ವಿವರಣೆ ಓದಿರುವ ಸಿ.ಡಿ.ಗಳಿವೆ. ಅವು ನನಗೆ ತುಂಬಾ ಇಷ್ಟ. ಸಮಸ್ಯೆ ಬರುವುದು ಮಾತಿಲ್ಲದ ಕಡೆ. ‘ದ ಇನ್ವೇಷನ್’ ನಾಲ್ಕನೇ ಕಂತಿನಲ್ಲಿ ಕಟ್ಟಡದ ಮೇಲಿಂದ ಹೆಲಿಕಾಪ್ಟರಿನಲ್ಲಿ ಪಾರಾಗುವ ದೃಶ್ಯ ಇದೆ. ವಿವರಣೆ ಇಲ್ಲದೆ ಕೇಳಿದರೆ ಬರೀ ರೆಕ್ಕೆಯ ಸದ್ದು, ಕೂಗಾಟ. ಯಾರು ಏಣಿ ಹತ್ತಿದರು, ಯಾರು ಕೆಳಗೆ ಉಳಿದರು, ಒಂದೂ ತಿಳಿಯುವುದಿಲ್ಲ.

ಎರಡನೆಯದು ಫೋಟೊ. ಜಾನ್ ಕ್ಯೂರಾ ಎಂಬುವರು ಟಿವಿ ಪರದೆಯ ಮುಂದೆ ಕ್ಯಾಮೆರಾ ಇಟ್ಟು, ಪ್ರಸಾರ ಆಗುತ್ತಿದ್ದಾಗಲೇ ಫೋಟೊ ತೆಗೆದು, ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಇವಕ್ಕೆ ಟೆಲಿಸ್ನ್ಯಾಪ್ ಅನ್ನುತ್ತಾರೆ. ಒಂದು ಕಂತಿಗೆ ಅರವತ್ತು, ಎಪ್ಪತ್ತು ಚಿತ್ರ ಸಿಗುತ್ತವೆ. ‘ವೆಬ್ ಆಫ್ ಫಿಯರ್’ ಮೂರನೇ ಕಂತಿನಲ್ಲಿ ನನ್ನ ಮಟ್ಟಿಗೆ ಗೆದ್ದಿದ್ದು ಇವೇ. ಲೆಥ್‌ಬ್ರಿಜ್ ಸ್ಟುವರ್ಟ್ ಆಗಿ ನಿಕೊಲಸ್ ಕೋರ್ಟ್ನಿ ಮೊದಲ ಸಲ ಕಾಣಿಸಿಕೊಳ್ಳುವ ಕಂತು ಅದು. ಮುಂದೆ ಬ್ರಿಗೇಡಿಯರ್ ಆಗಿ ಎಷ್ಟೋ ವರ್ಷ ಜೊತೆಗಿದ್ದ ಮನುಷ್ಯ. ಫೋಟೊದಲ್ಲಿ ಅವರ ನಿಜವಾದ ಮುಖ ಇದೆ. ಲಂಡನ್ ಸುರಂಗ ರೈಲಿನ ಕತ್ತಲೆ ಇದೆ. ಚಿತ್ರ ಅಲ್ಲಾಡದೇ ಇರುವುದರಿಂದ ಕಿವಿ ತಾನಾಗಿ ಚುರುಕಾಗುತ್ತದೆ.

ಅದೇ ಕಂತಿನ ಅನಿಮೇಷನ್ ನನಗೆ ನಿಜಕ್ಕೂ ನೋವು ಕೊಟ್ಟಿತು. ನಟರ ಮೈಗೆ ಸಾಧನ ಕಟ್ಟಿ, ಅವರ ಚಲನೆಯನ್ನು ಕಂಪ್ಯೂಟರಿಗೆ ತುಂಬಿಸಿ ಮಾಡಿದ 3ಡಿ ಚಿತ್ರ ಅದು. ಕೈಕಾಲು ಬೇಕಾದ್ದಕ್ಕಿಂತ ಹೆಚ್ಚು ಆಡುತ್ತವೆ. ಮುಖ ಮಾತ್ರ ಮೇಣದ ಹಾಗೆ ಗಟ್ಟಿ. ದನಿಯಲ್ಲಿ ಭಯ ಇದೆ, ಕಣ್ಣಲ್ಲಿ ಏನೂ ಇಲ್ಲ. ಎರಡನೇ ಕಂತು, ನಾಲ್ಕನೇ ಕಂತು ಎರಡೂ ನಿಜವಾದ ಫಿಲ್ಮಿನಲ್ಲಿ ಇರುವುದರಿಂದ ನಡುವೆ ಇದು ಬಂದಾಗ ಯಾವುದೋ ವಿಡಿಯೊ ಗೇಮಿನೊಳಗೆ ಬಿದ್ದ ಹಾಗಾಗುತ್ತದೆ.

ಹಾಗಂತ 3ಡಿಯೇ ಬೇಡ ಅನ್ನಲಾರೆ. 2024ರ ‘ದ ಸೆಲೆಸ್ಟಿಯಲ್ ಟಾಯ್‌ಮೇಕರ್’ ಕೂಡ 3ಡಿ. ಅಲ್ಲಿ ಕಥೆ ನಡೆಯುವುದೇ ಆಟಿಕೆಗಳ ಲೋಕದಲ್ಲಿ. ಗೊಂಬೆಯಂಥ ಮುಖ ಅಲ್ಲಿ ತಪ್ಪು ಅನ್ನಿಸಲಿಲ್ಲ.

ನಾನು ಮತ್ತೆ ಮತ್ತೆ ಹಾಕಿ ನೋಡಿದ್ದು 2006ರ ‘ದ ಇನ್ವೇಷನ್’. ಎಂಟು ಕಂತಿನ ಕಥೆ. ಕಾಣೆಯಾದ ಒಂದು ಮತ್ತು ನಾಲ್ಕನೇ ಕಂತನ್ನು ಕಾಸ್‌ಗ್ರೋವ್ ಹಾಲ್ ಸ್ಟುಡಿಯೊ ಮಾಡಿತು. ಈ ಕಂತುಗಳಿಗೆ ಟೆಲಿಸ್ನ್ಯಾಪ್ ಕೂಡ ಇಲ್ಲ. ಅವರು ಮಾಡಿದ್ದು ಸರಳ. ಕಪ್ಪು ಬಿಳುಪು, ದಟ್ಟ ನೆರಳು, ಕಡಿಮೆ ಚಲನೆ. ಖಳನಾಯಕ ಟೋಬಿಯಾಸ್ ವಾನ್ ಮಾತಾಡುವಾಗ ಅರ್ಧ ಮುಖ ಕತ್ತಲಲ್ಲಿ ಇರುತ್ತದೆ, ಹುಬ್ಬು ಮಾತ್ರ ಸ್ವಲ್ಪ ಏಳುತ್ತದೆ. ಆ ಪಾತ್ರ ಮಾಡಿದ ಕೆವಿನ್ ಸ್ಟೋನಿಯ ನಯವಾದ ದನಿಗೆ ಅಷ್ಟು ಸಾಕು. ಮೊದಲ ಕಂತು ಮುಗಿದು ಎರಡನೆಯದರಲ್ಲಿ ನಿಜವಾದ ಸ್ಟೋನಿ ಕಂಡಾಗ, ಇವರನ್ನು ಆಗಲೇ ನೋಡಿದ್ದೀನಲ್ಲ ಅನ್ನಿಸಿತು. ಆ ಹೆಲಿಕಾಪ್ಟರ್ ದೃಶ್ಯವೂ ಇಲ್ಲಿ ಕೊನೆಗೂ ಅರ್ಥ ಆಯಿತು.

2016ರ ‘ದ ಪವರ್ ಆಫ್ ದ ಡಾಲೆಕ್ಸ್’ ಆರೂ ಕಂತು ಅನಿಮೇಷನ್. ಪ್ಯಾಟ್ರಿಕ್ ಟ್ರೌಟನ್ ಡಾಕ್ಟರ್ ಆಗಿ ಬಂದ ಮೊದಲ ಕಥೆ. ಲೋಹದ ಕವಚದೊಳಗಿರುವ ಡಾಕ್ಟರನ ವೈರಿಗಳಾದ ಡಾಲೆಕ್‌ಗಳಿಗೆ ಮುಖವೇ ಇಲ್ಲ, ಹಾಗಾಗಿ ಅವು ಅನಿಮೇಷನ್‌ಗೆ ಹೇಳಿ ಮಾಡಿಸಿದ ಹಾಗಿವೆ. ‘ನಾನು ನಿಮ್ಮ ಸೇವಕ’ ಅಂತ ಅವು ಹೇಳುತ್ತಲೇ ಇರುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಅವತ್ತು ಸ್ಟುಡಿಯೊದಲ್ಲಿ ಇದ್ದದ್ದು ಕೆಲವೇ ಡಾಲೆಕ್. ಹಿಂದೆ ದೊಡ್ಡ ಫೋಟೊ ಅಂಟಿಸಿದ ಹಲಗೆ ನಿಲ್ಲಿಸಿ ಗುಂಪು ತೋರಿಸಿದ್ದರು. ಅನಿಮೇಷನ್ನಿನಲ್ಲಿ ನಿಜವಾಗಲೂ ಸಾಲು ಸಾಲು ಬರುತ್ತವೆ. ಆದರೆ ಮನುಷ್ಯರ ನಡಿಗೆ ಚೆನ್ನಾಗಿಲ್ಲ. ಡಾಕ್ಟರ್ ಹೂ ನೋಡಿಯೇ ಇರದ ನನ್ನ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ‘ಇವರೆಲ್ಲ ಯಾಕಣ್ಣ ನೆಲದ ಮೇಲೆ ಜಾರ್ತಾರೆ?’ ಅಂದಳು. ಐದು ನಿಮಿಷ ಆದಮೇಲೆ ಕೇಳುವುದು ಬಿಟ್ಟಳು. ಆರನೇ ಕಂತಿನವರೆಗೂ ಏಳಲಿಲ್ಲ. ಟ್ರೌಟನ್ ಮುಖದಲ್ಲಿ ಹಾದುಹೋಗುವ ಕಿಡಿಗೇಡಿತನ ಮಾತ್ರ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಫೋಟೊಗಳಿಗೇ ಹೋಗಬೇಕು.

2019ರ ‘ದ ಮಾಕ್ರಾ ಟೆರರ್’ ಬೇರೆಯದೇ ದಾರಿ ಹಿಡಿದಿದೆ. ಬಣ್ಣ, ಅಗಲ ಪರದೆ. 1967ರಲ್ಲಿ ಅವರ ಬಳಿ ಇದ್ದದ್ದು ಮಾಕ್ರಾ ಎಂಬ ದೈತ್ಯ ಏಡಿಯ ಒಂದೇ ಒಂದು ದೊಡ್ಡ ಮಾದರಿ, ಅದೂ ಸರಿಯಾಗಿ ಅಲ್ಲಾಡುತ್ತಿರಲಿಲ್ಲ. ಇಲ್ಲಿ ಏಡಿಗಳು ನುಗ್ಗಿ ಬರುತ್ತವೆ. ಮಕ್ಕಳಿಗೆ ತೋರಿಸಲು ಇದು ಒಳ್ಳೆಯದು. ಇದರದ್ದೇ ಕಪ್ಪು ಬಿಳುಪಿನ ಆವೃತ್ತಿಯೂ ಇದೆ, ನನಗೆ ಅದೇ ಹಿಡಿಸಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ‘ಫ್ಯೂರಿ ಫ್ರಮ್ ದ ಡೀಪ್’. ಇಲ್ಲಿ ಒಂದು ದೃಶ್ಯವನ್ನು ಮೂಲದ ಪಕ್ಕದಲ್ಲೇ ಇಟ್ಟು ನೋಡಬಹುದು. ಮಿಸ್ಟರ್ ಓಕ್, ಮಿಸ್ಟರ್ ಕ್ವಿಲ್ ಎಂಬ ಇಬ್ಬರು ರಿಪೇರಿಯವರ ಹಾಗೆ ಮನೆಗೆ ಬಂದು, ಬಾಯಿ ತೆರೆದು ವಿಷದ ಗಾಳಿ ಊದುತ್ತಾರೆ. ಮಕ್ಕಳು ಹೆದರುತ್ತಾರೆ ಅಂತ ಆಸ್ಟ್ರೇಲಿಯಾದ ಸೆನ್ಸಾರ್‌ನವರು ಆ ತುಂಡನ್ನು ಕತ್ತರಿಸಿದರು. ಕತ್ತರಿಸಿದ್ದರಿಂದಲೇ ಅದು ಉಳಿಯಿತು. ಒಂದು ಕಡೆ ಆ ತುಂಡು, ಇನ್ನೊಂದು ಕಡೆ 2020ರ ಅನಿಮೇಷನ್ ಹಾಕಿದೆ. ಅನಿಮೇಷನ್ನಿನಲ್ಲಿ ಬಾಯಿ ದೊಡ್ಡದಾಗಿದೆ, ಹೊಗೆ ಜಾಸ್ತಿ ಇದೆ. ಮೂಲದಲ್ಲಿ ಕ್ವಿಲ್ ಕಣ್ಣಗಲಿಸಿ ಸುಮ್ನೆ ಬಾಯಿ ತೆರೆದು ನಿಲ್ಲುತ್ತಾನೆ, ಅಷ್ಟೇ. ಆ ರಾತ್ರಿ ನೆನಪಾಗಿ ಕಾಡಿದ್ದು ಮೂಲವೇ.

ಹೊಸಬರು ‘ಪವರ್ ಆಫ್ ದ ಡಾಲೆಕ್ಸ್’ ಅನಿಮೇಷನ್ನಿನಿಂದ ಶುರು ಮಾಡಿ. ಬಹುಪಾಲು ಉಳಿದಿರುವ ಕಥೆ ಬೇಕಾದರೆ ‘ದ ಇನ್ವೇಷನ್’. ‘ವೆಬ್ ಆಫ್ ಫಿಯರ್’ ಮೂರನೆಯದನ್ನು ದಯವಿಟ್ಟು ಫೋಟೊಗಳಲ್ಲೇ ನೋಡಿ.

ಈ ವಾರ ನಾನು ‘ಮಾರ್ಕೊ ಪೋಲೊ’ ಕೇಳುತ್ತಿದ್ದೇನೆ. 1964ರ ಏಳು ಕಂತು, ಒಂದರದ್ದೂ ಫಿಲ್ಮ್ ಉಳಿದಿಲ್ಲ. ಡಾಕ್ಟರ್ ಹೂವಿನ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ, ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಅವರೇ ಇದರ ಏಳರಲ್ಲಿ ಆರು ಕಂತನ್ನೂ ಮಾಡಿದ್ದು. ನಾಲ್ಕನೆಯದು ಬಿಟ್ಟು ಉಳಿದ ಆರು ಕಂತಿನ ಟೆಲಿಸ್ನ್ಯಾಪ್ ಅವರ ಹತ್ತಿರವೇ ಜೋಪಾನವಾಗಿ ಇದ್ದವು. ಆ ನಾಲ್ಕನೇ ಕಂತಿಗೆ ನಿನ್ನೆ ರಾತ್ರಿ ಬಂದೆ. ದೀಪ ಆರಿಸಿ ಕೇಳಿದೆ.