ನಮ್ಮೂರ ಕೇಬಲ್ ಫೈಬರ್: ರಿಪೇರಿಗೆ ಫುಲ್ ಮಾರ್ಕ್ಸ್, ಉಳಿದದ್ದಕ್ಕೆ ತಕರಾರು

ಹೊಸನಗರ ತಾಲ್ಲೂಕಿನ ನಮ್ಮ ಕಡೆ ಮೊಬೈಲ್ ಸಿಗ್ನಲ್ ಅಂದರೆ ಅಂಗಳದ ಮೂಲೆಯಲ್ಲಿ ಒಂದೇ ಕಡ್ಡಿ. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಕೊರೊನಾ ಗಲಾಟೆ ಇಳಿಯುವ ಹೊತ್ತಿಗೆ ಪೇಟೆಯ ಕೇಬಲ್‌ನವರು ಫೈಬರ್ ಎಳೆದುಕೊಡ್ತೀವಿ ಅಂದಾಗ ಎರಡನೇ ಮಾತಿಲ್ಲದೆ ಹೂಂ ಅಂದೆ. 40 ಎಂಬಿಪಿಎಸ್ ಪ್ಲಾನು, ತಿಂಗಳಿಗೆ 499, ಜಿಎಸ್‌ಟಿ ಸೇರಿದರೆ 589 ರೂಪಾಯಿ. ಕಂಪನಿಯ ಹೆಸರು ಹಾಕುವುದಿಲ್ಲ, ನಾಳೆ ಲೈನ್ ಕೆಟ್ಟರೆ ಅವರೇ ಬರಬೇಕಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಮೆಸ್ಕಾಂ ಕಂಬದಿಂದ ಅಡಿಕೆ ಮರ, ಅಡಿಕೆ ಮರದಿಂದ ನಮ್ಮ ಮಾಡಿಗೆ ವೈರು. ಗಾಳಿಗೆ ಸೋಗೆ ಬಿದ್ದರೆ ಡಬ್ಬಿಯಲ್ಲಿ ಕೆಂಪು ದೀಪ. ಫೋನ್ ಮಾಡಿದರೆ ಹುಡುಗ ರೈನ್‌ಕೋಟ್ ಹಾಕಿಕೊಂಡು ಬಂದೇ ಬರ್ತಾನೆ. ಜಗಲಿಯಲ್ಲಿ ಕೂತು, ತಲೆಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯ ಸಿಪ್ಪೆ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿ ಕತ್ತರಿಸಿ ಮಿಷನ್ನಿಗೆ ಇಡ್ತಾನೆ. ಪುಟ್ಟ ಪರದೆಯಲ್ಲಿ ಎರಡು ತುದಿಗಳೂ ಹತ್ತಿರ ಬಂದು, ಚಕ್ ಅಂತ ಕಿಡಿ ಹಾರಿ, ಒಂದಾಗುತ್ತವೆ. ನಮ್ಮ ಅತ್ತೆ ಅಡುಗೆ ಬಿಟ್ಟು ಬಂದು ನೋಡ್ತಾರೆ. ಹಳೇ ಲ್ಯಾಂಡ್‌ಲೈನ್ ಕಾಲದ ಹಾಗೆ ವೈರಿನಲ್ಲಿ ಸಿಡಿಲು ಬರುವುದಿಲ್ಲ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಅಡಾಪ್ಟರ್ ಕಡೆಯಿಂದ ಮಾತ್ರ ಬರಬಹುದು, ಗುಡುಗು ಶುರುವಾದರೆ ಅದನ್ನು ಕಿತ್ತಿಡಿ. ಜೊತೆಗೆ ಕೊಡುವ ಸಿನಿಮಾ ಆ್ಯಪ್‌ಗಳ ಪುಕ್ಕಟೆ ಪ್ಯಾಕು ನನಗಂತೂ ಪ್ರಯೋಜನಕ್ಕಿಲ್ಲ.

ಇನ್ನು ತಕರಾರು.

ಹೋದ ವರ್ಷ ಕಲೆಕ್ಷನ್ನಿಗೆ ಬಂದಾತ ಹೊಸ ಪ್ಲಾನ್ ಹೇಳಿದ. "ಅಕ್ಕಾ, ನೂರೈವತ್ತು ರೂಪಾಯಿ. ವಾಟ್ಸಾಪು, ಯೂಟ್ಯೂಬು, ಫೇಸ್‌ಬುಕ್ಕು ಎಷ್ಟು ಬೇಕಾದರೂ ನೋಡಿ."

"ಕೃಷಿ ಮಾರಾಟ ವಾಹಿನಿ ಸೈಟು ಬರುತ್ತಾ? ಶಿವಮೊಗ್ಗ ಮಾರ್ಕೆಟ್ಟಿನ ಅಡಿಕೆ ರೇಟು, ರಾಶಿ, ಬೆಟ್ಟೆದು ನೋಡಬೇಕು ನಂಗೆ."

"ಅದಕ್ಕೆ ಬೇರೆ ಪ್ಯಾಕ್ ಹಾಕಬೇಕು ಅಕ್ಕ."

ಕೂರಿಸಿ ಕಾಫಿ ಕೊಟ್ಟು ಹೇಳಿದೆ. ಮಾರಾಯ, ಇದು ಕಾನೂನಿಗೆ ವಿರುದ್ಧ. 2015ರಲ್ಲಿ ಫೇಸ್‌ಬುಕ್ಕಿನವರು ಫ್ರೀ ಬೇಸಿಕ್ಸ್ ಅಂತ, ಆಯ್ದ ಕೆಲವೇ ಸೈಟು ಪುಕ್ಕಟೆ ಕೊಡುವ ಹೆಸರಲ್ಲಿ, ಇದನ್ನೇ ಮಾಡಲು ಹೊರಟು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿದ್ದರು, ಜನ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್‌ ಪ್ರಾಧಿಕಾರಕ್ಕೆ ಲಕ್ಷಗಟ್ಟಲೆ ಇಮೇಲ್ ಕಳಿಸಿದರು. 2016ರ ಫೆಬ್ರವರಿ 8ರಂದು ಟ್ರಾಯ್ ಆದೇಶವನ್ನೇ ಹೊರಡಿಸಿತು: ಯಾವ ಸೈಟ್ ನೋಡ್ತೀರಿ ಅನ್ನುವುದರ ಮೇಲೆ ದರ ಬದಲಿಸುವ ಹಾಗಿಲ್ಲ. ಬದಲಿಸಿದರೆ ದಿನಕ್ಕೆ 50,000 ರೂಪಾಯಿ ದಂಡ, 50 ಲಕ್ಷದವರೆಗೆ. ಒಂದು ಸೈಟಿಗೆ ಜೋರು, ಇನ್ನೊಂದಕ್ಕೆ ನಿಧಾನ ಮಾಡಬಾರದು ಅನ್ನುವುದನ್ನೂ 2018ರಲ್ಲಿ ಇಂಟರ್ನೆಟ್ ಕಂಪನಿಗಳ ಲೈಸೆನ್ಸಿನ ಷರತ್ತಿಗೇ ಸೇರಿಸಿದ್ದಾರೆ. ಅವನು ಪಾಪ, ಮೇಲಿನವರು ಹೇಳಿದ್ದನ್ನು ಹೇಳಿದ ಅಷ್ಟೆ. ಆ ಪ್ಲಾನು ಆಮೇಲೆ ನಮ್ಮೂರಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಆದರೂ ಅದು ಶುರುವಾಗಿತ್ತಲ್ಲ ಅನ್ನುವುದಕ್ಕೆ ಅರ್ಧ ಸ್ಟಾರ್ ಕಟ್.

ಇನ್ನೊಂದು, ಸೈಟ್ ತೆರೆಯದಿದ್ದರೆ ಯಾಕೆ ಅಂತ ಇವರ ಹತ್ತಿರ ಉತ್ತರ ಇಲ್ಲ. 2022ರಲ್ಲಿ ತಾಳಮದ್ದಳೆಯ ಹಳೇ ಸಿಡಿ ಹಾಕೋಣ ಅಂತ ವಿಎಲ್‌ಸಿ ಪ್ಲೇಯರ್ ಇಳಿಸಲು ಹೋದರೆ ಸೈಟೇ ಬರಲಿಲ್ಲ, ಚಕ್ರ ತಿರುಗಿದ್ದೇ ತಿರುಗಿದ್ದು. ಕಸ್ಟಮರ್ ಕೇರ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಆಫ್ ಮಾಡಿದೆ, ಆನ್ ಮಾಡಿದೆ. ಅಸಲಿಗೆ ಅದು ದೇಶದಲ್ಲೇ ಬ್ಲಾಕ್ ಆಗಿತ್ತು. ಪ್ಲೇಯರ್ ಮಾಡುವ ವಿಡಿಯೊಲ್ಯಾನ್‌ನವರಿಗೇ ಮುಂಚಿತವಾಗಿ ಯಾರೂ ತಿಳಿಸಿರಲಿಲ್ಲವಂತೆ. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ಲೀಗಲ್ ನೋಟಿಸ್ ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆಗೆದರು. ಬ್ಲಾಕ್ ಮಾಡುವ ಆದೇಶಗಳನ್ನು ಗುಟ್ಟಾಗಿಡಬೇಕು ಅಂತ ಐಟಿ ಕಾಯ್ದೆಯ 2009ರ ನಿಯಮಗಳಲ್ಲೇ ಇದೆ, 16ನೇ ನಿಯಮ. ಕೇಬಲ್‌ನವರನ್ನು ಅದಕ್ಕೆ ಬಯ್ಯಲಾರೆ. ಆದರೆ "ಸರ್ಕಾರದ ಅಥವಾ ಕೋರ್ಟಿನ ಆದೇಶದಂತೆ ತಡೆದಿದೆ" ಅಂತ ಒಂದು ಪುಟ ತೋರಿಸುವ ಕಂಪನಿಗಳೂ ಇವೆ. ಇವರಿಗೆ ಅಷ್ಟೂ ಆಗುವುದಿಲ್ಲವೇ? ರೂಟರ್ ಕೆಟ್ಟಿದೆಯೋ ಸರ್ಕಾರ ಮುಚ್ಚಿದೆಯೋ ದುಡ್ಡು ಕೊಡುವವರಿಗೆ ಗೊತ್ತಾಗಬೇಡವೇ?

ಸರ್ಕಾರ ನೆಟ್ ಪೂರ್ತಿ ನಿಲ್ಲಿಸಿದರೆ ಬಿಲ್ ಕಡಿತ ಮಾಡ್ತೀರಾ ಅಂತಲೂ ಕೇಳಿದ್ದೆ, ನಕ್ಕುಬಿಟ್ಟರು. ನಗುವ ಮಾತಲ್ಲ. 2024ರ ಸೆಪ್ಟೆಂಬರಿನಲ್ಲಿ ಅಸ್ಸಾಂನಲ್ಲಿ ನೇಮಕಾತಿ ಪರೀಕ್ಷೆ ಇದೆ ಅಂತ ಇಡೀ ರಾಜ್ಯದ ಮೊಬೈಲ್ ನೆಟ್ ನಿಲ್ಲಿಸಿದ್ದರು. ನಮ್ಮ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಛತ್ರಿ ಹಿಡಿದು ಗುಡ್ಡ ಹತ್ತಿದವರು, ಅಲ್ಲಿ ಪರೀಕ್ಷೆಗಾಗಿ ಇದ್ದ ನೆಟ್ಟನ್ನೇ ತೆಗೆದರು! ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಆ್ಯಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ ಆ ವರ್ಷ ಜಗತ್ತಿನಲ್ಲಿ 296 ಸಲ ಹೀಗೆ ನಿಂತಿದೆ. ಮ್ಯಾನ್ಮಾರ್ 85, ನಾವು 84. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಗಡುವಿಲ್ಲದೆ ನಿಲ್ಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದೇ ಹೇಳಿದೆ. ಆ ತೀರ್ಪಿನ ಪ್ರಿಂಟ್‌ಔಟನ್ನು ಅವರ ಆಫೀಸಿನಲ್ಲಿ ಕೊಟ್ಟು ಬಂದಿದ್ದೇನೆ.

ಒಟ್ಟು ಐದಕ್ಕೆ ಮೂರೂವರೆ. ಲೈನ್ ರಿಪೇರಿ ಹುಡುಗನಿಗೆ ಮಾತ್ರ ಐದಕ್ಕೆ ಐದು. ತಗೊಳ್ಳುವವರು ರೂಟರಿಗೊಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಒಂದೇ ಸಲ ವರ್ಷದ ದುಡ್ಡು ಕಟ್ಟಬೇಡಿ. ಯಾರಾದರೂ ಆ ನೂರೈವತ್ತರ ಪ್ಲಾನ್ ಹಿಡಿದುಕೊಂಡು ಮತ್ತೆ ಬಂದರೆ ಅದರ ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿ, ಟ್ರಾಯ್‌ಗೆ ಬರೆಯುವುದು ನಾನು ಬರೀತೀನಿ.