ಗುಜರಿ ಗೇರ್‌ಬಾಕ್ಸ್ ತಂದು ಮನೆ ಮುಂದೆ ಕೂರಿಸುವ ಮುಂಚೆ ಇದನ್ನೊಮ್ಮೆ ಓದಿ

ಹಳೇ ವ್ಯಾಗನ್‌ಆರ್, ಎಸ್ಟಿಲೋ, ಆಲ್ಟೋದಂಥ ಮಾರುತಿ ಕಾರು ಇಟ್ಟುಕೊಂಡವರಿಗೆ ಗೇರ್‌ಬಾಕ್ಸ್ ಕೈಕೊಟ್ಟರೆ ಸಿಗುವ ಸಲಹೆ ಒಂದೇ. ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಬಾಕ್ಸ್ ತಗೊಳ್ಳಿ, ಮನೆಗೇ ಬಂದು ಕೂರಿಸಿಕೊಡೋರು ಇದ್ದಾರೆ, ಗ್ಯಾರೇಜಿನ ಅರ್ಧ ಖರ್ಚಲ್ಲಿ ಮುಗಿಯುತ್ತೆ ಅಂತ. ನನಗೆ ಗ್ಯಾರೇಜಿನವರು ಕೇಳಿದ್ದಕ್ಕಿಂತ ಜಾಸ್ತಿಯೇ ಹೋಯಿತು. ಕಾರು ಮಳೆಗಾಲದ ಬಹುಭಾಗ ಗೇಟಿನ ಮುಂದೆ ನಿಂತಿತ್ತು. ಮಾರಿದವನೂ ಕೂರಿಸಿದವನೂ ಒಬ್ಬರ ಮೇಲೊಬ್ಬರು ಹಾಕಿ ಕೈ ಎತ್ತಿಬಿಟ್ಟರು.

ನನ್ನದು 2008ರ ವ್ಯಾಗನ್‌ಆರ್, 1061 ಸಿಸಿ ಎಂಜಿನ್. ಎರಡನೇ ಗೇರ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು, ಜತೆಗೆ ಗೊಂಯ್ ಅನ್ನೋ ಸದ್ದು. ಬೆಂಗಳೂರಿನ ಗುಜರಿ ಅಂಗಡಿಯವನು ಒಂದು ಬಾಕ್ಸ್ ತೋರಿಸಿ, ‘ಎಸ್ಟಿಲೋದು ಸಾರ್, ನಿಮ್ಮ ಗಾಡಿಗೂ ಇದೇ ಕೂರುತ್ತೆ’ ಅಂದ. ಈ ಮಾತು ಅರ್ಧ ನಿಜ. 2006ರ ಕೊನೆಗೆ ಬಂದ ಎಸ್ಟಿಲೋದಲ್ಲಿ ಇದೇ 1061 ಸಿಸಿ ಎಂಜಿನ್ ಇತ್ತು. 2009ರಲ್ಲಿ ಅದಕ್ಕೆ 998 ಸಿಸಿಯ ಕೆ-ಸೀರೀಸ್ ಎಂಜಿನ್ ಹಾಕಿದರು. ಹೊರಗೆ ಹೆಸರು ಒಂದೇ, ಒಳಗೆ ಎಂಜಿನ್ ಬೇರೆ. ವ್ಯಾಗನ್‌ಆರ್ ಕಥೆಯೂ 2010ರಿಂದ ಹಾಗೇ. ಗಾಡಿ ಹೆಸರು ಕೇಳಿ ಬಾಕ್ಸ್ ತರಬೇಡಿ, ಯಾವ ಎಂಜಿನ್ನಿಂದ ಬಿಚ್ಚಿದ್ದು ಅಂತ ಕೇಳಿ. ನನಗೆ ಸಿಕ್ಕಿದ್ದು ಹಳೇ ಎಂಜಿನ್ನಿನದೇ, ಆ ಮಟ್ಟಿಗೆ ಸರಿ.

‘ಟೆಸ್ಟಿಂಗ್ ವಾರಂಟಿ ಇದೆ ಸಾರ್’ (ಹಾಕಿ ನೋಡಿ ಕೆಟ್ಟಿದ್ದರೆ ಬದಲಿಸಿಕೊಡೋದು) ಅಂತ ಶಾಫ್ಟನ್ನು ಕೈಯಲ್ಲೇ ತಿರುಗಿಸಿ, ಐದೂ ಗೇರ್ ಹಾಕಿ ತೋರಿಸಿದ. ಕೈಯಲ್ಲಿ ತಿರುಗಿಸಿದರೆ ಎಂಥ ಬಾಕ್ಸೂ ಬೆಣ್ಣೆ ಥರಾನೇ ತಿರುಗುತ್ತೆ, ಲೋಡ್ ಬಿದ್ದಾಗ ತಾನೇ ಬೇರಿಂಗಿನ ಬಣ್ಣ ಗೊತ್ತಾಗೋದು. ಬಾಕ್ಸಿಗೆ ₹9,000 ಕೊಟ್ಟೆ. ಬಿಲ್ ಕೇಳಿದ್ದಕ್ಕೆ ಸಿಕ್ಕಿದ್ದು ಒಂದು ಬಿಳಿ ಚೀಟಿ. ಅದರಲ್ಲಿ ಅಂಗಡಿ ಹೆಸರೂ ಇಲ್ಲ, ತಾರೀಖೂ ಇಲ್ಲ.

ಇನ್ನು ಮನೆಗೆ ಬಂದ ಮೆಕ್ಯಾನಿಕ್. ಫೋನಲ್ಲಿ ಮಾತಾಡುವಾಗ ‘ಎಲ್ಲಾ ಟೂಲ್ ಇದೆ ಸಾರ್’ ಅಂದಿದ್ದ. ಬಂದಾಗ ಇದ್ದದ್ದು ಒಂದು ಜಾಕಿ, ಒಂದು ಚೀಲ ಸ್ಪ್ಯಾನರ್. ಎತ್ತಿದ ಕಾರನ್ನು ಹಿಡಿದಿಡೋ ಸ್ಟ್ಯಾಂಡ್ ಎಲ್ಲಪ್ಪಾ ಅಂದರೆ, ಪಕ್ಕದ ಸೈಟಿನಿಂದ ಎರಡು ಹಾಲೋ ಬ್ಲಾಕ್ ಎತ್ತಿಕೊಂಡು ಬಂದ. ಕಾಂಕ್ರೀಟ್ ಬ್ಲಾಕ್ ಬಾಗೋದಿಲ್ಲ, ಮುನ್ಸೂಚನೆ ಕೊಡೋದಿಲ್ಲ, ಒಂದೇ ಸಲ ಪುಡಿಯಾಗುತ್ತೆ. ಇಲ್ಲೂ ಒಂದು ಬ್ಲಾಕ್ ಚಟ್ ಅಂತ ಸೀಳಿತು. ಅವನು ಪಾನಾ ತರೋಕೆ ಎದ್ದು ಹೋಗಿದ್ದ, ಹಾಗಾಗಿ ಉಳಿದ. ಬಾಕ್ಸ್ ಇಳಿಸಿದ ಮೇಲೆ ಎಂಜಿನ್ನಿಗೆ ಆ ಕಡೆಯ ಆಧಾರ ಇರಲ್ಲ, ಕೆಳಗಿಂದಲೋ ಮೇಲಿಂದಲೋ ತಡೆದು ನಿಲ್ಲಿಸಲೇಬೇಕು. ಅವನು ಮರದ ಹಲಗೆಯನ್ನೂ ಇಡದೆ ಜಾಕಿಯನ್ನು ನೇರ ಎಂಜಿನ್ನಿನ ಅಡಿಯ ಆಯಿಲ್ ಸಂಪಿಗೆ (ಎಣ್ಣೆ ನಿಲ್ಲುವ ತಟ್ಟೆಗೆ) ಕೊಟ್ಟ. ಸಂಪ್ ಒಳಕ್ಕೆ ತಗ್ಗಾಯಿತು.

ಕೂರಿಸುವಾಗಿನದು ಇನ್ನೂ ಕೆಟ್ಟದ್ದು. ಕ್ಲಚ್ ಪ್ಲೇಟ್ ನಡುವಿಗೆ ಸರಿಯಾಗಿ ನಿಂತಿದ್ದರೆ ಬಾಕ್ಸ್ ಕೈಯಲ್ಲೇ ತಳ್ಳಿದರೂ ಹೋಗಿ ಕೂರಬೇಕು. ಇದು ಕೂರಲಿಲ್ಲ. ಎರಡು ಬೆರಳಷ್ಟು ಸಂದಿ ಇರುವಾಗಲೇ ಬೋಲ್ಟ್ ಹಾಕಿ ಎಳೆದ. ಬೇಡ ಅಂದೆ. ‘ಟೈಟ್ ಮಾಡಿದ್ರೆ ತಾನಾಗೇ ಬರುತ್ತೆ ಸಾರ್’ ಅಂದ. ಬಂತು, ಜತೆಗೆ ಹೌಸಿಂಗಿನ, ಅಂದರೆ ಬಾಕ್ಸಿನ ಹೊರಕವಚದ, ಬೋಲ್ಟ್ ಹಿಡಿಯುವ ಒಂದು ಕಿವಿಯೂ ಒಡೆದು ಬಂತು. ಅಲ್ಯೂಮಿನಿಯಂ, ಎಷ್ಟಂತ ತಡೆಯುತ್ತೆ? ಆಕ್ಸಲ್ ತೂರಿಸುವಾಗ ಆಯಿಲ್ ಸೀಲಿನ ಅಂಚು ಹರಿದಿದ್ದು ಮಾರನೇ ದಿನ ನೆಲದ ಮೇಲೆ ಕಾಣಿಸಿತು.

ಗಾಡಿ ಓಡಿಸಿದರೆ ನಾಲ್ಕನೇ ಗೇರಲ್ಲಿ ಮೊದಲಿಗಿಂತ ಜೋರು ಕೂಗು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದಾಗಲೂ ಸದ್ದು, ಕ್ಲಚ್ ಒತ್ತಿದರೆ ನಿಲ್ಲುತ್ತಿತ್ತು. ಅಂದರೆ ಅನುಮಾನ, ಎಂಜಿನ್ನಿನ ತಿರುಗನ್ನು ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಇದಕ್ಕೆ ಉಲ್ಟಾ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಅಷ್ಟಕ್ಕೆ ಬಾಕ್ಸ್ ಬದಲಾಯಿಸಿ ಅಂದವರನ್ನು ನಂಬಬೇಡಿ.

ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಡ್ರೈನ್ ಬೋಲ್ಟ್ ಬಿಚ್ಚಿಸಿದೆ. ‘ಆಯಿಲ್ ನಾವೇ ಫ್ರೆಶ್ ಹಾಕಿದೀವಿ, ಮುಟ್ಟಬೇಡಿ’ ಅಂತ ಅಂಗಡಿಯವನು ಹೇಳಿದ್ದು ಯಾಕೆ ಅಂತ ಆಗ ತಿಳಿಯಿತು. ಎಣ್ಣೆ ಬೀಳಲಿಲ್ಲ, ಎಳೆಯಾಗಿ ಇಳಿಯಿತು. ಸದ್ದು ಮುಚ್ಚೋಕೆ ಇಂಥ ದಪ್ಪ ಎಣ್ಣೆ ತುಂಬುತ್ತಾರೆ. ತಟ್ಟೆಯಲ್ಲಿ ಹರಡಿದರೆ ತುಂಬಾ ಮಿಣಮಿಣ. ಮೇಸ್ತ್ರಿ ಸ್ಪೀಕರಿನ ಹಳೇ ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಅದರೊಳಗೆ ಆಡಿಸಿದರು. ಹೊಂಬಣ್ಣದ ಪುಡಿ ಹಾಗೇ ಉಳಿಯಿತು, ಅದು ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೋ ರಿಂಗಿನ ಹಿತ್ತಾಳೆ. ಆಯಸ್ಕಾಂತಕ್ಕೆ ಮೆತ್ತಿಕೊಂಡ ಚೂರುಗಳು ಸ್ಟೀಲ್, ಅಂದರೆ ಗೇರಿನ ಹಲ್ಲು ಇಲ್ಲವೇ ಬೇರಿಂಗ್. ಕಾಸು ಕೊಡುವ ಮುಂಚೆ ಈ ಕೆಲಸ ಅಂಗಡಿಯಲ್ಲೇ ಮಾಡಿಸಿ. ಎಣ್ಣೆ ಬಿಡಿಸೋಕೆ ಒಪ್ಪದಿದ್ದರೆ ಎದ್ದು ಬನ್ನಿ.

ವಾಪಸ್ ಒಯ್ದಾಗ ಅಂಗಡಿಯವನು ಮೊದಲು ನೋಡಿದ್ದೇ ಒಡೆದ ಕಿವಿ. ‘ಫಿಟ್ಟಿಂಗ್ ಮಿಸ್ಟೇಕು, ವಾರಂಟಿ ಬರಲ್ಲ.’ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ‘ಬಾಕ್ಸೇ ಡಬ್ಬಾ ಸಾರ್, ನನ್ನ ಕೆಲಸ ಕರೆಕ್ಟಾಗಿದೆ.’ ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದ್ದದ್ದಕ್ಕೇ ಯಾರನ್ನೂ ಹಿಡಿಯೋಕೆ ಆಗಲಿಲ್ಲ. ಟೆಸ್ಟಿಂಗ್ ವಾರಂಟಿ ಅನ್ನೋದು ಹೆಚ್ಚೆಂದರೆ ಬಾಕ್ಸಿಗೆ. ಎರಡನೇ ಸಲದ ಕೂಲಿ, ಎಣ್ಣೆ, ಸೀಲು, ಟೋಯಿಂಗ್ ಎಲ್ಲ ನಮ್ಮ ತಲೆಗೇ. ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ ನಿಜ, ಆದರೆ ಬಿಳಿ ಚೀಟಿ ಹಿಡಿದು ಏನಂತ ಸಾಬೀತು ಮಾಡೋದು? ಆರ್‌ಸಿಯಲ್ಲಿ ಇರೋದು ಎಂಜಿನ್, ಚಾಸಿ ನಂಬರ್ ಮಾತ್ರ. ಗೇರ್‌ಬಾಕ್ಸಿಗೆ ಅಲ್ಲಿ ಯಾವ ಗುರುತೂ ಇಲ್ಲ. ಹಾಗಾಗಿ ಹಳೇ ಬಾಕ್ಸೇ ಹಾಕಿಸಬೇಕು ಅಂತಿದ್ದರೆ, ತರೋದೂ ಕೂರಿಸೋದೂ ಒಬ್ಬನೇ ಗ್ಯಾರೇಜಿನವನಾಗಲಿ, ಬಿಲ್ಲಲ್ಲಿ ಎರಡೂ ಬರೆಯಲಿ.

ಇನ್ನೊಂದು ವಿಷಯ. ನಿಮ್ಮ ಹಳೇ ಬಾಕ್ಸ್ ಕೊಟ್ಟರೆ ಸಾವಿರ ಕಡಿಮೆ ಮಾಡ್ತೀನಿ ಅಂತಾರೆ, ಕೊಡಬೇಡಿ. ನನ್ನದು ಗೋಣಿಚೀಲದಲ್ಲಿ ಮೆಟ್ಟಿಲ ಕೆಳಗೆ ಬಿದ್ದಿತ್ತು. ಗ್ಯಾರೇಜಿನವರು ಅದನ್ನೇ ಬಿಚ್ಚಿ, ಎರಡನೇ ಗೇರಿನ ಸಿಂಕ್ರೋ, ಬೇರಿಂಗ್, ಸೀಲು, ಹೊಸ ಕ್ಲಚ್ ಸೆಟ್ ಹಾಕಿಕೊಟ್ಟರು. ಈಗ ಗಾಡಿಯಲ್ಲಿ ಓಡ್ತಿರೋದು ಅದೇ ಬಾಕ್ಸ್.