ಮೌಸ್ ಬಿಟ್ಟು ಗೈರೋ ಹಿಡಿದು ಎರಡು ವರ್ಷ

ಮೌಸ್, ಕೀಬೋರ್ಡ್‌ನಲ್ಲಿ ಶೂಟರ್ (ಗುಂಡು ಹಾರಿಸುವ ಆಟ) ಆಡುತ್ತಲೇ ಬೆಳೆದವನು ನಾನು. ಎರಡು ವರ್ಷದ ಹಿಂದೆ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಹಗಲೆಲ್ಲ ಆಫೀಸಿನಲ್ಲಿ ಮೌಸ್, ರಾತ್ರಿ ಮನೆಯಲ್ಲೂ ಮೌಸ್. ಆಟ ಬಿಡಲು ಮನಸ್ಸಿರಲಿಲ್ಲ. ಹಾಗಾಗಿ ಪ್ಲೇಸ್ಟೇಷನ್ 5ರ ಒಂದು ಡ್ಯುಯಲ್‌ಸೆನ್ಸ್ ಕಂಟ್ರೋಲರ್ ತಗೊಂಡು, ಪಿಸಿಗೆ ಜೋಡಿಸಿ, ಅದರ ಗೈರೋದಲ್ಲಿ, ಅಂದರೆ ಕೈ ತಿರುಗುವುದನ್ನು ಅಳೆಯುವ ಸೆನ್ಸರಿನಲ್ಲಿ, ಗುರಿ ಹಿಡಿಯುವುದನ್ನು ಕಲಿತೆ.

ಕಂಟ್ರೋಲರ್ ಅಂದ ಕೂಡಲೇ ಹೆಬ್ಬೆರಳಲ್ಲಿ ಸ್ಟಿಕ್ ತಳ್ಳುವುದು ಅಂದುಕೊಳ್ಳಬೇಡಿ. ಸ್ಟಿಕ್ ತಳ್ಳಿ ಹಿಡಿದರೆ ಗುರಿ ಓಡುತ್ತಲೇ ಇರುತ್ತದೆ, ಸರಿಯಾದ ಗಳಿಗೆಗೆ ಬೆರಳು ಬಿಡಬೇಕು. ಗೈರೋದಲ್ಲಿ ಹಾಗಲ್ಲ. ಕೈ ಎಷ್ಟು ತಿರುಗಿತೋ ಅದರ ಲೆಕ್ಕಕ್ಕೇ ಗುರಿ ಸರಿಯುತ್ತದೆ, ಕೈ ನಿಂತರೆ ಅದೂ ನಿಲ್ಲುತ್ತದೆ. ನನ್ನ ಸೆಟ್ಟಿಂಗ್‌ನಲ್ಲಿ ಕೈ 30 ಡಿಗ್ರಿ ತಿರುಗಿದರೆ ಆಟದಲ್ಲಿ 90 ಡಿಗ್ರಿ. ಸ್ಟಿಕ್‌ಗಿಂತ ಇದು ಮೌಸಿಗೇ ಹತ್ತಿರದ ನೆಂಟ. 2006ರಲ್ಲಿ ಬಂದ ನಿಂಟೆಂಡೊದ ವೀ ಗೇಮ್ ಕನ್ಸೋಲ್ ನೆನಪಿರುವವರು ಟಿವಿ ಮುಂದೆ ಕೈ ಬೀಸಬೇಕೇನೋ ಅಂತ ಕೇಳುತ್ತಾರೆ. ಅದರ ರಿಮೋಟನ್ನು ಟಿವಿಯತ್ತ ಚಾಚಿ ಹಿಡಿಯಬೇಕಿತ್ತು. ಇಲ್ಲಿ ಕಂಟ್ರೋಲರ್ ತೊಡೆಯ ಮೇಲೇ ಇರಬಹುದು.

ಮೊದಲ ಮೂರು ವಾರ ನರಕ. ಗುರಿ ಸರಿಯಾಗಿ ಕೂತಿರುತ್ತಿತ್ತು, ಗುಂಡು ಮಾತ್ರ ಪಕ್ಕಕ್ಕೆ ಹೋಗುತ್ತಿತ್ತು. ಒಂದು ರಾತ್ರಿ ಆಟ ನಿಲ್ಲಿಸಿ ನನ್ನ ಕೈಯನ್ನೇ ಗಮನಿಸಿದೆ. ಟ್ರಿಗರ್ ಎಳೆದಾಗೆಲ್ಲ ಕಂಟ್ರೋಲರಿನ ಬಲಬದಿ ಕೂದಲೆಳೆಯಷ್ಟು ಕೆಳಗೆ ಬಾಗುತ್ತಿತ್ತು. ಗೈರೋ ಅದನ್ನೂ ಬಿಡದೆ ಅಳೆಯುತ್ತಿತ್ತು! ಗುಂಡು ಹಾರಿಸುವುದನ್ನು ಮೇಲಿನ ಪುಟ್ಟ ಬಟನ್‌ಗೆ ಹಾಕಿಕೊಂಡೆ, ವೈಬ್ರೇಶನ್ ಪೂರ್ತಿ ಬಂದ್ ಮಾಡಿದೆ. ಅವತ್ತಿನಿಂದ ಆಟ ಕೈಗೆ ಬಂತು.

ಇನ್ನೊಂದು ಕಲಿಯಬೇಕಾದದ್ದು ಗೈರೋ ತಡೆಯುವ ಬಟನ್. ಮೌಸ್ ಪ್ಯಾಡಿನ ಅಂಚು ಬಂದರೆ ಮೌಸ್ ಎತ್ತಿ ನಡುವಿಗೆ ಇಡುತ್ತೇವಲ್ಲ, ಅದೇ ಕೆಲಸ. ಟಚ್‌ಪ್ಯಾಡ್ ಮೇಲೆ ಹೆಬ್ಬೆರಳು ಇಟ್ಟರೆ ಗುರಿ ಅಲ್ಲೇ ನಿಲ್ಲುವ ಹಾಗೆ, ಪಿಸಿ ಗೇಮ್ ಆ್ಯಪ್ ಸ್ಟೀಮಿನ ಕಂಟ್ರೋಲರ್ ಸೆಟ್ಟಿಂಗ್ ಆದ ಸ್ಟೀಮ್ ಇನ್‌ಪುಟ್‌ನಲ್ಲಿ ಹೊಂದಿಸಿಕೊಂಡಿದ್ದೇನೆ. ಕೈ ನೆಟ್ಟಗೆ ಮಾಡಿಕೊಂಡು ಬೆರಳು ತೆಗೆದರೆ ಸಾಕು.

ನನ್ನ ಚಿಕ್ಕಪ್ಪನ ಮಗನಿಗೆ ಇದ್ಯಾವುದೂ ಕಷ್ಟ ಆಗಲಿಲ್ಲ. ಅವನು ಫೋನಿನಲ್ಲಿ ಬಿಜಿಎಂಐ (ಪಬ್‌ಜಿ ಆಟದ ಭಾರತದ ಆವೃತ್ತಿ) ಆಡುವವನು, ಗೈರೋ ಯಾವಾಗಲೂ ಆನ್. ಕಂಟ್ರೋಲರ್ ಕೊಟ್ಟ ಹತ್ತು ನಿಮಿಷಕ್ಕೆ, "ಅಣ್ಣಾ, ಇದು ಫೋನ್ ಥರಾನೇ ಅಲ್ವಾ?" ಅಂದ. ನಿಜ, ಫೋನಿನಲ್ಲಿ ಗೈರೋ ಹಾಕಿ ರಿಕಾಯಿಲ್ (ಗುಂಡು ಹಾರಿದಾಗ ಬಂದೂಕು ಎಗರುವುದು) ಹಿಡಿದು ಪಳಗಿದವರಿಗೆ ಅರ್ಧ ಕಲಿಕೆ ಆಗಲೇ ಮುಗಿದಿರುತ್ತದೆ.

ಈಗ ಹೋಲಿಕೆ. ಕೌಂಟರ್ ಸ್ಟ್ರೈಕ್ 2ರಲ್ಲಿ ಬಾಗಿಲ ಸಂದಿಯಲ್ಲಿ ಒಂದು ತಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣುತ್ತದೆ. ಅಲ್ಲಿಗೆ ಸರ್ರನೆ ಹೋಗಿ ಗಕ್ಕನೆ ನಿಲ್ಲಬೇಕು. ಮೌಸಿನಲ್ಲಿ ಕೈಗೆ ಮೇಜಿನ ಆಸರೆ ಇದೆ, ಪ್ಯಾಡಿನ ಉಜ್ಜುವಿಕೆ ಮೌಸನ್ನು ಹಿಡಿದು ನಿಲ್ಲಿಸುತ್ತದೆ. ಗಾಳಿಯಲ್ಲಿರುವ ಕೈಗೆ ಆ ಆಸರೆ ಇಲ್ಲ, ಸ್ವಲ್ಪ ನಡುಗುತ್ತಲೇ ಇರುತ್ತದೆ. ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರೂ ಮೌಸಿನ ಮಟ್ಟಕ್ಕೆ ನಾನು ಬಂದಿಲ್ಲ. ಈ ಆಟಕ್ಕೆ ಮೌಸೇ ಸರಿ.

ಡೂಮ್ ಎಟರ್ನಲ್ ಥರದ ಆಟದಲ್ಲಿ ಕಥೆಯೇ ಬೇರೆ. ಅಲ್ಲಿ ಶತ್ರು ಎದುರಿಗೇ ಇರುತ್ತಾನೆ, ಆದರೆ ಒಂದು ಕಡೆ ನಿಲ್ಲುವುದಿಲ್ಲ. ಅವನ ಜೊತೆಗೇ ಗುರಿ ಸರಿಸುತ್ತಾ ಹೋಗುವುದು ಗೈರೋದಲ್ಲಿ ನನಗೆ ಮೌಸಿನಷ್ಟೇ ಚೆನ್ನಾಗಿ ಬರುತ್ತದೆ. ಎಡಗೈಗಂತೂ ಲಾಭವೇ. ಕೀಬೋರ್ಡಿನಲ್ಲಿ ನಡೆಯಲು ಒತ್ತುವ ನಾಲ್ಕು ಕೀಗಳಾದ ಡಬ್ಲ್ಯೂ‌ಎ‌ಎಸ್‌ಡಿಯಲ್ಲಿ ಎಂಟೇ ದಿಕ್ಕು, ಸ್ಟಿಕ್‌ನಲ್ಲಿ ಬೇಕಾದ ಕಡೆ, ಬೇಕಾದ ವೇಗದಲ್ಲಿ ನಡೆಯಬಹುದು. ಹಿಂದಕ್ಕೆ ತಿರುಗಲು ಫ್ಲಿಕ್ ಸ್ಟಿಕ್ ಬಳಸುತ್ತೇನೆ. ಜಿಬ್ ಸ್ಮಾರ್ಟ್ ಅನ್ನುವ ಡೆವಲಪರ್ ರೂಪಿಸಿದ ವಿಧಾನ ಅದು. ಬಲ ಸ್ಟಿಕ್ ಯಾವ ಕಡೆಗೆ ತಳ್ಳುತ್ತೀರೋ ಆ ಕಡೆಗೆ ಮುಖ ತಕ್ಷಣ ತಿರುಗುತ್ತದೆ. ಫೋರ್ಟ್‌ನೈಟ್‌ನಲ್ಲಿ 2022ರಿಂದ ಗೈರೋ, ಫ್ಲಿಕ್ ಸ್ಟಿಕ್ ಎರಡೂ ಇವೆ.

ಎಲ್ಲ ಆಟಗಳೂ ಇಷ್ಟು ಅನುಕೂಲ ಕೊಡುವುದಿಲ್ಲ ಅನ್ನುವುದೇ ದೊಡ್ಡ ಬೇಸರ. ಪಿಸಿಯಲ್ಲಿ ಬಹಳಷ್ಟು ಆಟಗಳಿಗೆ ಗೈರೋ ಅಂದರೇನೆಂದೇ ಗೊತ್ತಿಲ್ಲ. ಅದನ್ನು ಮೌಸ್ ಅಂತ ನಂಬಿಸಿ ಆಡಿಸಬೇಕು. ಕೆಲವು ಆಟಗಳಲ್ಲಿ ಆಗ ಬಟನ್ ಚಿತ್ರಗಳು ಕೀಬೋರ್ಡಿನದಾಗಿ, ಮತ್ತೆ ಕಂಟ್ರೋಲರಿನದಾಗಿ ಮಿಣಮಿಣ ಬದಲಾಗುತ್ತಲೇ ಇರುತ್ತವೆ. ಇನ್ನು ಕೈ ಅಲುಗದಿದ್ದರೂ ಗುರಿ ಮೆಲ್ಲಗೆ ಜಾರುವುದು ಯಾವ ಗೈರೋದಲ್ಲೂ ಆಗಬಹುದು. ಆಡುವ ಮೊದಲು ಕಂಟ್ರೋಲರನ್ನು ಮೇಜಿನ ಮೇಲೆ ಅಲುಗದೆ ಇಟ್ಟು ಕ್ಯಾಲಿಬ್ರೇಟ್ ಮಾಡಿದರೆ (ಅಲುಗದ ಸ್ಥಿತಿ ಇದೇ ಅಂತ ಗೈರೋಗೆ ತಿಳಿಸಿದರೆ) ಸರಿಹೋಗುತ್ತದೆ.

ಮಣಿಕಟ್ಟಿನ ನೋವು ತುಂಬಾ ಕಡಿಮೆಯಾಗಿದೆ. ಇದು ನನ್ನೊಬ್ಬನ ಅನುಭವ ಅಷ್ಟೇ, ನಿಮಗೆ ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಶನಿವಾರ ಗೆಳೆಯರ ಜೊತೆ ಒಂದು ಗಂಟೆ ಕೌಂಟರ್ ಸ್ಟ್ರೈಕ್‌ಗೆ ಮೌಸ್ ಹಿಡಿಯುತ್ತೇನೆ. ಉಳಿದ ಆರು ದಿನ ಸೋಫಾ, ದಿಂಬು, ಗೈರೋ.